ವೀಳ್ಯ ಕೊಡದೆ ಕೇಳಿದ ಹಾಡುಗಳು

ನನ್ನ ಅಕ್ಕನ ದನಿಯನ್ನು ಶಿರಾದ ಒಂದು ಮೊಬೈಲ್ ಅಂಗಡಿಯ ಮುಂದೆ ಕೇಳಿದಾಗ ಮೊದಲು ನನಗಾದದ್ದು ಸಂತೋಷ. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಹೇಳುವುದು ಬಹುಪಾಲು ಸಿಟ್ಟಿನ ಮಾತು. ಅಂಗಡಿಯ ಮೆಟ್ಟಿಲ ಮೇಲಿಟ್ಟಿದ್ದ ಕರಿಯ ಸ್ಪೀಕರಿನಿಂದ ಆ ದನಿ ಬರುತ್ತಿತ್ತು. ಅದರ ಜೊತೆಗಿದ್ದ ಇನ್ನೊಂದು ಸದ್ದು ಕಿವಿಗೆ ಬಿದ್ದದ್ದು ಆಮೇಲೆ. ಯಾರೋ ಅವಳ ಪದದ ಕೆಳಗೆ ಯಂತ್ರದ ಬಡಿತ ಸೇರಿಸಿದ್ದರು. ಗಣಪತಿ ಬಿಡುವ ದಿನ ಟ್ರ್ಯಾಕ್ಟರಿನ ಮೇಲೆ ಹಾಕುತ್ತಾರಲ್ಲ, ಅಂಥದ್ದು. ಅಕ್ಕ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕಡೆಯಲ್ಲೆಲ್ಲ ಒಬ್ಬ ಗಂಡಸು "ಹೇಯ್, ಹೇಯ್" ಎಂದು ಕೂಗುತ್ತಿದ್ದ.

ಆ ಅಂಗಡಿಗೆ ನಾನು ಹೊಸಬನಲ್ಲ. ಮಧುಗಿರಿಯಲ್ಲಿ ಜೀವಮಾನವಿಡೀ ಕ್ರಯಪತ್ರ, ಭಾಗಪತ್ರ, ದಾನಪತ್ರಗಳನ್ನು ಬರೆದು ಬದುಕಿದವನು ನಾನು. ಮಗಳ ಮನೆ ಶಿರಾದಲ್ಲಿದೆ. ತಿಂಗಳಿಗೊಮ್ಮೆ ಅಲ್ಲಿಗೆ ಬಂದಾಗ ಈ ಅಂಗಡಿಯಲ್ಲಿ ನನ್ನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಹೋಗುವುದು ಎಂಟು ವರ್ಷದ ರೂಢಿ. ಐವತ್ತು ರೂಪಾಯಿ ಕೊಟ್ಟರೆ ವಚನ, ರಂಗಗೀತೆ, ಹಳೆಯ ಸಿನಿಮಾ ಹಾಡು, ಯಾವುದು ಬೇಕೋ ಅದು ಅರ್ಧ ಗಂಟೆಯೊಳಗೆ ಕಾರ್ಡಿಗೆ ಇಳಿಯುತ್ತದೆ.

"ಇದು ಯಾರ ಹಾಡಪ್ಪ?" ಎಂದು ಅಂಗಡಿಯವನನ್ನು ಕೇಳಿದೆ.

"ಸೋಬಾನೆ ಡೀಜೆ, ಸಾ. ಸಕತ್ತಾಗಿ ಓಡ್ತೈತೆ. ನಿಮ್ ಕಾರ್ಡ್‌ಗೂ ಹಾಕ್ಲಾ?"

"ಹಾಡಿದವರು ಯಾರು ಅಂದೆ."

"ಯಾವ್ದೋ ಹಳ್ಳಿ ಅಜ್ಜಿ, ಸಾ."

"ಆ ಅಜ್ಜಿ ನನ್ನ ಸ್ವಂತ ಅಕ್ಕ."

ಅಂಗಡಿಯವನು ನಕ್ಕ. ಪಕ್ಕದಲ್ಲಿ ಮೊಬೈಲಿಗೆ ಗಾಜು ಅಂಟಿಸಿಕೊಳ್ಳಲು ಕಾಯುತ್ತಿದ್ದ ಒಬ್ಬ ಗಿರಾಕಿ ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು, "ಅರೆ ಚಾಚಾ, ನಿಮ್ದು ಅಕ್ಕ ಫೇಮಸ್ ಆಗ್ಬುಟ್ರು! ಮಿಠಾಯಿ ತರ್ಸಿ ಮಿಠಾಯಿ!" ಎಂದ. ಅವನದು ಕೆಟ್ಟ ಮನಸ್ಸಿನ ಮಾತಲ್ಲ. ಆದರೂ ನಾನು ನಗಲಿಲ್ಲ.

"ಅವಳನ್ನು ಒಂದು ಮಾತು ಕೇಳಿದ್ದೀಯೇನಪ್ಪ?" ಎಂದೆ ಅಂಗಡಿಯವನಿಗೆ.

"ಯಾರ್ನ ಕೇಳಾದು ಸಾ? ನೆಟ್ನಾಗೆ ಬಿದ್ದೈತೆ, ಎತ್ಕಂತೀವಿ. ಬೇವಿನ್ ಮರದ ಕೆಳಗೆ ಬೀಜ ಆಯ್ದಂಗೆ. ಮರದೋನ್ನ ಕೇಳ್ತಾರಾ ಯಾರಾದ್ರೂ?"

ಮರದವನನ್ನು ಕೇಳಬೇಕು, ಅದು ಬೇರೊಬ್ಬನ ಹೊಲದ ಮರವಾದರೆ ಕೇಳಲೇಬೇಕು ಎಂದು ನಾನು ವಿವರಿಸತೊಡಗಿದೆ. ಅವನು ಸ್ಪೀಕರಿನ ಸದ್ದು ಇನ್ನಷ್ಟು ಏರಿಸಿ, ನನ್ನ ಕಾರ್ಡನ್ನು ಗಾಜಿನ ಮೇಲೆ ಜಾರಿಸಿ, "ಅಜ್ಜೋ, ತಗಂಡೋಗಿ, ಹಿಂದೆ ಜನ ಅವ್ರೆ" ಎಂದ. ಎಂಟು ವರ್ಷ "ಸಾ" ಆಗಿದ್ದವನು ಒಂದೇ ಪ್ರಶ್ನೆಗೆ "ಅಜ್ಜೋ" ಆದೆ. ನೀನು ಬಿಟ್ಟಿಯಾಗಿ ಎತ್ತಿದ ಹಾಡನ್ನು ಇನ್ನು ಈ ಜನ್ಮದಲ್ಲಿ ಕೇಳುವುದಿಲ್ಲ, ನಿನ್ನ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಇಳಿದುಬಂದೆ.

ಅದು ಯಾವ ಪದ ಎಂದು ತಿಳಿಯದವರಿಗೆ ನನ್ನ ಸಂಕಟ ಅರ್ಥವಾಗದು. ಅದು ಹೆಣ್ಣು ಒಪ್ಪಿಸುವ ಪದ. ಧಾರೆ ಮುಗಿದು, ಹುಡುಗಿಯನ್ನು ಗಂಡಿನ ಕಡೆಯವರ ಕೈಗೆ ಕೊಡುವ ಹೊತ್ತಿನಲ್ಲಿ ಹೆಂಗಸರು ಹಾಡುವಂಥದ್ದು. ಒಂದೊಂದು ಮನೆತನದಲ್ಲಿ ಅದು ಒಂದೊಂದು ಬಗೆ. ನಮ್ಮದು ಅಮ್ಮನಿಂದ ಬಂದದ್ದು, ಅಮ್ಮನಿಗೆ ಅವಳ ಅಮ್ಮನಿಂದ. ಹೊರಡುವ ಹೆಣ್ಣಿಲ್ಲದ ಕಡೆ ಅದನ್ನು ಇಡಿಯಾಗಿ ಹಾಡಬಾರದು, ಹಾಡಿದರೆ ಆ ಮನೆಯಿಂದ ಇನ್ಯಾರೋ ಹೊರಟುಬಿಡುತ್ತಾರೆ ಎಂಬುದು ಅಮ್ಮನ ನಂಬಿಕೆ. ಹೀಗಾಗಿ ಅವಳು ಅಕ್ಕನಿಗೆ ಪದವನ್ನು ಹಿಂದುಮುಂದಾಗಿ ಕಲಿಸಿದಳು. ಕಡಲೆಕಾಯಿ ಬಿಡಿಸುವ ಕಾಲದಲ್ಲಿ ಕೊನೆಯ ನುಡಿ. ತಿಂಗಳುಗಳು ಕಳೆದ ಮೇಲೆ, ರಾಗಿ ಬೀಸುವಾಗ, ನಡುವಿನ ಎರಡು ನುಡಿ. ಮೊದಲ ನುಡಿಯನ್ನು ಮನೆಯಲ್ಲಿ ಹೇಳಿಕೊಡಲೇ ಇಲ್ಲ. ಹೊಲದ ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿಕೊಟ್ಟಳು. ಅವನ್ನು ಸಾಲಾಗಿ ಜೋಡಿಸಿ ಅಕ್ಕ ಮೊದಲ ಬಾರಿ ಹಾಡಿದ್ದು ಒಂದು ಮದುವೆಮನೆಯಲ್ಲೇ. ಆಗ ಅವಳಿಗೆ ಹದಿನೇಳು.

ಇನ್ನೊಂದು ಕಟ್ಟಳೆ ವೀಳ್ಯದ್ದು. ಮದುವೆಯ ಮನೆಯವರು ಮುಂಚಿತವಾಗಿ ಬಂದು, ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆಯ ಕಣ ಇಟ್ಟ ತಟ್ಟೆಯನ್ನು ಹಾಡುವವಳ ಕೈಗೆ ಕೊಟ್ಟು ಕರೆಯಬೇಕು. ಅದು ಸಂಬಳವಲ್ಲ. ಆ ಎಲೆ ಅಡಿಕೆಯನ್ನು ಮಾರಿದರೆ ಒಂದು ಹೊತ್ತಿನ ಕಾಫಿಯೂ ಹುಟ್ಟುವುದಿಲ್ಲ. "ನಿನ್ನ ಪದ ನಮ್ಮ ಮನೆಗೆ ಬೇಕು, ಬರುತ್ತೀಯಾ?" ಎಂದು ಕೇಳುವ ರೀತಿ ಅದು, ತಟ್ಟೆ ಹಿಡಿದುಕೊಂಡರೆ "ಬರುತ್ತೇನೆ" ಎಂದು ಅರ್ಥ. ಕೇಳುವುದು ಒಬ್ಬರ ಧರ್ಮ, ಹೂಂ ಅಥವಾ ಉಹೂಂ ಅನ್ನುವುದು ಇನ್ನೊಬ್ಬರ ಹಕ್ಕು. ವೀಳ್ಯ ಬಾರದೆ ಅಕ್ಕ ನಮ್ಮ ಸೋದರಮಾವನ ಮನೆಯಲ್ಲೂ ಬಾಯಿ ತೆರೆದವಳಲ್ಲ.

ಎರಡು ವರ್ಷದ ಹಿಂದೆ ಕೊರಟಗೆರೆಯ ಒಂದು ಮದುವೆಗೆ ಅವಳನ್ನು ಕ್ರಮವಾಗಿ ಕರೆದಿದ್ದರು. ಅಲ್ಲಿ ಯಾರೋ ಮೊಬೈಲ್ ಎತ್ತಿ ಹಿಡಿದಿದ್ದಾರೆ. ಅದು ಇಂಟರ್‌ನೆಟ್ಟಿಗೆ ಹೋಗಿ, ಬಡಿತ ಸೇರಿಸಿಕೊಂಡು, ಯಾರಿಗೂ ಪರಿಚಯವಿಲ್ಲದ ಒಬ್ಬ ಚೆಲುವೆಯ ಚಿತ್ರ ಅಂಟಿಸಿಕೊಂಡು, ಪೆನ್‌ಡ್ರೈವುಗಳಲ್ಲಿ ಮನೆಮನೆಗೂ ಇಳಿದಿದೆ.

ಮರುದಿನವೇ ಚನ್ನರಾಯನದುರ್ಗದ ತಪ್ಪಲಲ್ಲಿರುವ ಅಕ್ಕನ ಹಳ್ಳಿಗೆ ಹೋದೆ. ಅಕ್ಕ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಸುದ್ದಿಯನ್ನು ಹೇಗೆ ಮುಟ್ಟಿಸಲಿ ಎಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ವ್ಯರ್ಥವಾಯಿತು. ಅವಳಿಗೆ ಮೊದಲೇ ಗೊತ್ತಿತ್ತು.

"ಈರುಳ್ಳಿ ಮಾರೋ ಗಾಡಿ ಬತ್ತೈತಲ್ಲ, ಅದ್ರಾಗೆ ಹಾಕ್ದ ಕಣ್ಲಾ," ಎಂದಳು, ಬೀಜದಿಂದ ಕಣ್ಣೆತ್ತದೆ. "ನಾ ಹೆಣ್ಣ ಒಪ್ಸಿ ಮುಗಿಸೋದ್ರೊಳಗೆ ಅವ್ನು ಕೇಜಿಗೆಷ್ಟು ಅಂತ ಕೂಗ್ದ. ಹೋಗೋ ಹೆಣ್ಣಿಲ್ಲದ ಬೀದೀಲೆಲ್ಲ ಹೆಣ್ಣೊಪ್ಪಿಸ್ಕಂಡು ತಿರುಗ್ತಾವ್ನೆ."

"ನಾನು ತೆಗಿಸ್ತೀನಿ ಅಕ್ಕ."

"ಹಾರಿದ್ ಹತ್ತೀನ ಎಲ್ಲಿ ಅಂತ ಹುಡುಕ್ತೀಯ? ಇನ್ನ ನಾ ಆ ಪದ ಹಾಡಕಿಲ್ಲ. ಯಾರ್ ಈಳ್ಯ ತಂದ್ರೂ ಇಲ್ಲ."

ಅಲ್ಲಿಗೆ ಇದು ಹಾಡಿನ ಮಾತಾಗಿ ಉಳಿಯಲಿಲ್ಲ. ಮಗಳ ಮಗಳ ಮದುವೆ ಶಿರಾದ ಕಲ್ಯಾಣ ಮಂಟಪದಲ್ಲಿ ನಿಶ್ಚಯವಾಗಿತ್ತು. ಮೂರು ತಿಂಗಳೂ ಇರಲಿಲ್ಲ. ಮೊಮ್ಮಗಳು ನಮ್ಮಿಂದ ಬೇರೇನನ್ನೂ ಕೇಳಿರಲಿಲ್ಲ. "ದೊಡ್ಡಜ್ಜಿ ಹಾಡಿದರೆ ಸಾಕು ತಾತ" ಎಂದಿದ್ದಳು. ಅವಳ ತಾಯಿಯನ್ನು ಅಕ್ಕನ ಪದವೇ ಕಳಿಸಿಕೊಟ್ಟದ್ದು. ನಮ್ಮ ಮನೆಯಿಂದ ಆ ಪದವಿಲ್ಲದೆ ಯಾವ ಹೆಣ್ಣೂ ಹೊಸ್ತಿಲು ದಾಟಿಲ್ಲ.

ತೆಗೆಸುವ ಪ್ರಯತ್ನ ಮಾಡಿದೆ. ಮೊಮ್ಮಗಳೇ ಮೊಬೈಲಿನಲ್ಲಿ ಆ ಹಾಡಿರುವ ಜಾಲತಾಣದ ದೂರಿನ ಅರ್ಜಿ ತೆರೆದು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುತ್ತ ಹೋದಳು.

"ತಾತ, ಈ ಕೃತಿಯ ಮಾಲೀಕರು ನೀವೇನಾ ಅಂತ ಕೇಳ್ತಿದೆ."

"ನಿಮ್ಮ ದೊಡ್ಡಜ್ಜಿ ಅಂತ ಬರಿ."

"ಮಾಲೀಕತ್ವಕ್ಕೆ ಆಧಾರ ಏನು ಅಂತಿದೆ."

ಅಕ್ಕನಿಗೆ ಫೋನು ಹಚ್ಚಿ ಕೇಳಿದೆ. "ನಂದೆಂಗಾಯ್ತದ್ಲಾ? ಅಮ್ಮಂದು" ಎಂದಳು. ಅಮ್ಮನದಾದರೆ ಅವಳ ಅಮ್ಮನದು. ನಮ್ಮ ಅಜ್ಜಿಗೆ ಆಧಾರ ಪತ್ರವೇನು ಬಂತು, ಅವಳಿಗೆ ಸಹಿಯೇ ಬರುತ್ತಿರಲಿಲ್ಲ. ಹೊಲವಾದರೆ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ ಎಂದು ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದು ಮುಗಿಸುತ್ತಿದ್ದೆ. ಬಾಯಿಂದ ಬಾಯಿಗೆ ಬಂದ ಪದಕ್ಕೆ ಯಾವ ದಿಕ್ಕಿನಲ್ಲಿ ಗಡಿ ಗುರುತಿಸಲಿ? ಆದರೂ ಅರ್ಜಿ ಹಾಕಿದೆವು. ಹತ್ತು ದಿನದ ಮೇಲೆ ಉತ್ತರ ಬಂತು: ಒದಗಿಸಿದ ವಿವರ ಸಾಲದು. ಬಡಿತ ಸೇರಿಸಿದವನನ್ನು ಮಾತ್ರ ಅವರು ಯಾವ ಆಧಾರವನ್ನೂ ಕೇಳಿದಂತೆ ಕಾಣಲಿಲ್ಲ.

ಇದನ್ನು ಹೇಳಲು ಮತ್ತೆ ಅಕ್ಕನ ಹತ್ತಿರ ಹೋದೆ. ಅಂಗಡಿಯವನನ್ನು, ಮದುವೆಮನೆಯಲ್ಲಿ ಮೊಬೈಲ್ ಎತ್ತಿದವರನ್ನು, ಉತ್ತರ ಬರೆದವರನ್ನು, ಈರುಳ್ಳಿಯವನನ್ನು ಅನುಕ್ರಮವಾಗಿ ಬೈದೆ. ಬಿಟ್ಟಿಯಾಗಿ ಹಾಡು ಇಳಿಸಿಕೊಳ್ಳುವ ಪ್ರತಿಯೊಬ್ಬನೂ ಕಳ್ಳನೇ ಎಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ನಿನ್ ಮೊಬೈಲಾಗೆ ಹಾಡವಲ್ಲ, ರಾತ್ರಿ ತಲೆದಿಂಬಿನ ಕೆಳಗಿಟ್ಕಂಡು ಕೇಳ್ತೀಯಲ್ಲ, ಅವುರ್ಗೆಲ್ಲ ಯಾರ್ಲಾ ಈಳ್ಯ ಕೊಟ್ಟೋರು?"

"ನಾನು ದುಡ್ಡು ಕೊಟ್ಟು ತುಂಬಿಸ್ಕೊಂಡಿದ್ದು."

"ಯಾರ್ಗೆ?"

"ಅಂಗಡಿಯವನಿಗೆ."

"ಅಂಗ್ಡಿಯೋನು ಹಾಡಿದ್ನಾ?"

ಅಕ್ಕ ಮತ್ತೆ ಬೀಜ ಬಿಡಿಸತೊಡಗಿದಳು. ಅವಳು ಗೆದ್ದೆನೆಂದು ನಗಲಿಲ್ಲ; ಅದು ಇನ್ನೂ ಚುಚ್ಚಿತು.

ನನ್ನ ಬಳಿಗೆ ಪತ್ರ ಬರೆಸಲು ಬಂದ ಪ್ರತಿಯೊಬ್ಬ ರೈತನಿಗೂ ನಾನು ಹೇಳುತ್ತಿದ್ದ ಮೊದಲ ಮಾತು ಒಂದೇ: ಮಾರುವವನಿಗೆ ಮಾರುವ ಹಕ್ಕು ಹೇಗೆ ಬಂತು ಎಂದು ನೋಡು, ಮೂಲಪತ್ರ ಕೇಳು, ಹಕ್ಕಿಲ್ಲದವನಿಗೆ ಹಣ ಕೊಟ್ಟರೆ ಹಣವೂ ಹೋಯಿತು, ಹೊಲವೂ ನಿನ್ನದಾಗಲಿಲ್ಲ. ಅಂಥವನು ಎಂಟು ವರ್ಷ, ತಿಂಗಳು ತಪ್ಪದೆ, ಹಕ್ಕಿಲ್ಲದವನ ಕೈಯಿಂದ ಆರುನೂರಕ್ಕೂ ಮೇಲೆ ಹಾಡುಗಳನ್ನು ಕೊಂಡಿದ್ದೆ. ಕೊಂಡೆ ಎಂದು ನಂಬಿ, ಮನೆಯಲ್ಲಿ ಮೊಮ್ಮಗಳು ಸಿನಿಮಾ ಇಳಿಸಿಕೊಂಡಾಗ ಅವಳಿಗೆ ನೀತಿಯನ್ನೂ ಹೇಳಿದ್ದೆ. ಹಾಡಿದವರು, ಬರೆದವರು, ತಬಲಾ ಬಾರಿಸಿದವರು, ಒಬ್ಬರಿಗೂ ನನ್ನಿಂದ ಒಂದು ಎಲೆ ಅಡಿಕೆ ಸಂದಿರಲಿಲ್ಲ.

ಆ ದಿನ ಮನೆಗೆ ಬಂದವನು ಕೂತು ಎಲ್ಲವನ್ನೂ ಒಂದೊಂದಾಗಿ ಅಳಿಸಿದೆ. ಒಟ್ಟಿಗೆ ಅಳಿಸುವ ಉಪಾಯವಿದೆ ಎಂದು ಮೊಮ್ಮಗಳು ಆಮೇಲೆ ಹೇಳಿದಳು. ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಕೇಳುವ ಆ್ಯಪ್ ಒಂದನ್ನು ಅವಳಿಂದಲೇ ಹಾಕಿಸಿಕೊಂಡೆ. ನ್ಯಾಯವಾದ ದಾರಿ ಅದು ಎಂದು ಈಗಲೂ ಹೇಳುತ್ತೇನೆ. ಆದರೆ ಅದರಲ್ಲಿ ಗಣೆ ಸಿಗಲಿಲ್ಲ.

ಗಣೆ ಎಂದರೆ ತೋಳುದ್ದಕ್ಕೂ ಮಿಕ್ಕ ಬಿದಿರಿನ ಕೊಳಲು. ಕುರಿ ಕಾಯುವವರ ಹಟ್ಟಿಗಳಲ್ಲಿ ಅದನ್ನು ಊದುತ್ತ, ನಡುನಡುವೆ ತಮ್ಮ ದೇವರ ಕಥೆ ಹಾಡುತ್ತಾರೆ. ನನ್ನ ಕಾರ್ಡಿನಲ್ಲಿ ಒಂದು ಗಣೆಯ ಪದವಿತ್ತು, ಅರ್ಧ ಗಂಟೆಯದು. ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ನಿದ್ದೆ ಮಾಡಿದ್ದೇನಾದರೂ ಇದ್ದರೆ ಅದು ಆ ಗಣೆಯ ದೆಸೆಯಿಂದ. ಊದಿದವನು ಶುರುವಿನಲ್ಲೇ ತನ್ನ ಹಟ್ಟಿಯ ಹೆಸರು ಹೇಳುತ್ತಾನೆ. ಅದು ಪಾವಗಡದ ಆಚೆ. ಆ ಆರುನೂರು ಹಾಡಿನವರಲ್ಲಿ ನನಗೆ ವಿಳಾಸ ಗೊತ್ತಿದ್ದದ್ದು ಅವನೊಬ್ಬನದೇ. ಅಳಿಸಿದ ಮಾರನೆಯ ದಿನ ತಟ್ಟೆ, ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಒಂದು ಪಂಚೆ ಚೀಲದಲ್ಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ.

ಸೋಲಾರ್ ತಗಡುಗಳ ಬಯಲು ದಾಟಿ, ಆಟೊದವನಿಗೆ ಮೂರು ಕಡೆ ದಾರಿ ಕೇಳಿಸಿ, ಜಾಲಿಯ ಬೇಲಿಯ ಹಟ್ಟಿಗೆ ಹೋದಾಗ ಮಧ್ಯಾಹ್ನ. ಮನೆಯ ಮುಂದೆ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ಚೀಲದಿಂದ ತಟ್ಟೆ ತೆಗೆದು ನಾನು ಎಲೆ ಅಡಿಕೆ ಜೋಡಿಸುವುದನ್ನು ನೋಡಿ ಒಳಗೆ ಕೂಗಿದಳು: "ಮಾಮಾ, ಎವರೋ ವಚ್ಚಿನಾರು! ಪೆಳ್ಳಿಕೇಮೋ!" ಅವಳು ಆ ಮನೆಯ ಸೊಸೆ, ಆಂಧ್ರದ ಕಡೆಯವಳು. ಯಾರೋ ಬಂದಿದ್ದಾರೆ, ಮದುವೆಗೆ ಕರೆಯಲೋ ಏನೋ ಎಂದು ಮಾವನಿಗೆ ತಿಳಿಸಿದ್ದು.

ಮುದುಕ ಗೋಡೆ ಹಿಡಿದುಕೊಂಡು ಹೊರಗೆ ಬಂದ. ತಟ್ಟೆಯನ್ನು ಕಂಡು ಅವನ ಮುಖವೇ ಬೇರೆಯಾಯಿತು. ರುಮಾಲು ಸರಿಮಾಡಿಕೊಂಡ.

"ಕೂತ್ಕಳಿ ಸಾಮಿ. ಯಾವೂರು? ಏನ್ ಕಾರ್ಯ? ಯಾವೊತ್ತು?"

"ಕಾರ್ಯ ಏನೂ ಇಲ್ಲ ಯಜಮಾನರೇ. ನೀವು ಊದಿದ್ದನ್ನ ಎಂಟು ವರ್ಷದಿಂದ ಮೊಬೈಲಿನಲ್ಲಿ ಕೇಳಿದ್ದೀನಿ. ವೀಳ್ಯ ಕೊಡದೆ ಕೇಳಿದ್ದೀನಿ. ಅದನ್ನ ಕೊಡೋಕೆ ಬಂದೆ."

ಅವನು ಸೊಸೆಯ ಮುಖ ನೋಡಿದ, ನನ್ನ ಮುಖ ನೋಡಿದ.

"ಕೇಳಾದ್ಮೇಲೆ ಈಳ್ಯವಾ? ಉಂಡು ಕೈ ತೊಳ್ಕಂಡ್ಮೇಲೆ, ತಗಳಪ್ಪ ಅಡಿಗೆ ಮಾಡು ಅಂತ ಅಕ್ಕಿ ತಂದ್ಕೊಟ್ಟಂಗಾಯ್ತು."

"ತಡವಾಯಿತು, ತಪ್ಪಾಯಿತು. ತಗೊಳ್ಳಿ."

"ತಗಂಡ್ರೆ ಊದ್ಬೇಕಲ್ಲ ಸಾಮಿ. ದಮ್ಮು ಹಿಡ್ಕಂಡು ಮೂರೊರ್ಸ ಆತು. ಮೆಟ್ಲು ಹತ್ತಾಕೇ ಉಸ್ರಿಲ್ಲ, ಗಣೆಗೆ ಎಲ್ಲಿಂದ ತರ್ಲಿ? ಊದ್ದೆ ಈಳ್ಯ ತಗಂಡ್ರೆ ಕಳ್ತನ ಆಯ್ತದೆ."

ನಾನು ಒತ್ತಾಯಿಸಿದೆ. ಅವನು ಎರಡೂ ಕೈಗಳನ್ನು ಕಂಬಳಿಯೊಳಗೆ ಸೇರಿಸಿಕೊಂಡುಬಿಟ್ಟ. ನನ್ನ ಕಳ್ಳತನವನ್ನು ತೊಳೆದುಕೊಳ್ಳಲು ಅವನನ್ನು ಕಳ್ಳನಾಗೆಂದು ಕೇಳುತ್ತಿದ್ದೇನೆ ಎಂಬುದು ತಟ್ಟೆ ಹಿಡಿದ ಕೈ ಸೋತ ಮೇಲೆ ನನಗೆ ತಿಳಿಯಿತು. ಅಷ್ಟರಲ್ಲಿ ಅವನೇ ಮುಂದಕ್ಕೆ ಬಾಗಿ ಕೇಳಿದ.

"ಅದ್ರಾಗೆ ಐತಾ, ನಾ ಊದಿದ್ದು? ಹಾಕಿ ಸಾಮಿ, ಒಂದ್ಸಲ ಕೇಳ್ತೀನಿ. ರೆಕಾಲ್ಡ್ ಮಾಡ್ಕಂಡೋರು ಟೀ ಕುಡ್ದು ಹೊಂಟೋದ್ರು. ನಂಗೆ ಕೇಳುಸ್ಲೇ ಇಲ್ಲ."

"ನಿನ್ನೆ ಅಳಿಸಿಬಿಟ್ಟೆ."

"ಯಾಕೆ?"

"ನಿಮ್ಮನ್ನ ಕೇಳದೆ ತಗೊಂಡದ್ದು, ಇಟ್ಟುಕೊಳ್ಳಬಾರದು ಅಂತ."

ಅವನು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಅಲ್ಲ ಸಾಮಿ, ಕದ್ದ ಕುರೀನ ತಂದ್ ಹಟ್ಟೀಗೆ ಬುಡ್ಬೇಕು. ಕೊಯ್ದಾಕ್ಬುಟ್ಟು, ತಪ್ಪಾಯ್ತು ಅಂತ ಬರೀ ಹಗ್ಗ ತಂದ್ಕೊಟ್ರೆ ಹೆಂಗೆ?"

ನನ್ನ ಬದುಕಿನಲ್ಲಿ ನನ್ನನ್ನು ಅವಮಾನಿಸಿದವರ ಪಟ್ಟಿ ಚಿಕ್ಕದೇನಲ್ಲ. ಆದರೆ ಈ ಮಾತನ್ನು ಅದರಲ್ಲಿ ಸೇರಿಸಲು ನನಗೆ ಹಕ್ಕಿರಲಿಲ್ಲ. ಅವನ ಸೊಸೆಯ ಮೊಬೈಲಿನಲ್ಲಿ ಹುಡುಕೋಣವೆಂದರೆ ಆ ಹಟ್ಟಿಯಲ್ಲಿ ನೆಟ್‌ವರ್ಕ್ ಸುಳಿಯಲಿಲ್ಲ. ಅಲ್ಲದೆ ಅದು ಯಾವ ಹೆಸರಿನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಗೊತ್ತಿದ್ದವನು ಶಿರಾದ ಅಂಗಡಿಯವನೊಬ್ಬನೇ.

ಹತ್ತುವುದಿಲ್ಲ ಎಂದು ಸಾರಿದ ಮೆಟ್ಟಿಲನ್ನು ನಾಲ್ಕು ದಿನದ ಮೇಲೆ ಹತ್ತಿದೆ. ಅಂಗಡಿಯವನು ಏನನ್ನೂ ಮರೆತಿರಲಿಲ್ಲ.

"ಏನ್ ಸಾ, ಬಿಟ್ಟಿ ಹಾಡ್ ಬ್ಯಾಡ ಅಂದಿದ್ರಿ?"

"ಒಂದೇ ಒಂದು ಬೇಕಪ್ಪ. ಆ ಗಣೆಯದು."

"ಒಂದೇನು, ಹಳೇದೆಲ್ಲ ನನ್ ಕಂಪ್ಯೂಟರ್ನಾಗೆ ಅವೆ. ಎಲ್ಲಾ ಹಾಕ್ಬುಡ್ಲಾ?"

"ಒಂದೇ."

ಹಾಕಿಕೊಟ್ಟ. ಐವತ್ತರ ನೋಟು ಚಾಚಿದೆ. "ಬುಡಿ ಸಾ, ಒಂದ್ ಹಾಡ್ಗೆ ಏನ್ ಇಸ್ಕಳಾದು" ಎಂದು ಹಿಂದಕ್ಕೆ ತಳ್ಳಿದ. ಎಂಟು ವರ್ಷದಲ್ಲಿ ಮೊದಲ ಬಾರಿಗೆ, ತಪ್ಪೆಂದು ಸ್ಪಷ್ಟವಾಗಿ ತಿಳಿದ ಮೇಲೆ, ಯಾರಿಗೂ ಒಂದು ಕಾಸೂ ಕೊಡದೆ ನಾನು ಹಾಡು ತೆಗೆದುಕೊಂಡು ಬಂದೆ.

ಮತ್ತೆ ಪಾವಗಡದಾಚೆಯ ಹಟ್ಟಿಗೆ ಹೋದೆ. ಮುದುಕ ಅದನ್ನು ಗೋಡೆಗೆ ಒರಗಿ ಕೂತು ಕೇಳಿದ. ಕಂಬಳಿಯ ಮೇಲೆ ಅವನ ಬೆರಳುಗಳು ತೂತು ಮುಚ್ಚಿ ತೆರೆದು ಆಡುತ್ತಿದ್ದವು. ಒಂದು ಕಡೆ ಥಟ್ಟನೆ ಕೈಯೆತ್ತಿದ. "ಇಲ್ಲಿ ನಮ್ ಗುರುವಿನ ಹೆಸ್ರು ಹೇಳಿದ್ದೆ. ಕತ್ತರ್ಸವ್ರೆ, ನೋಡಿ." ಮೂರು ಬಾರಿ ಹಾಕಿಸಿದ, ಮೂರು ಬಾರಿಯೂ ಅದೇ ಜಾಗದಲ್ಲಿ ಆ ಹೆಸರನ್ನು ತಾನೇ ಬಾಯಿಬಿಟ್ಟು ಹೇಳಿದ, ಉಸಿರು ಸಿಕ್ಕಷ್ಟು. ಕಾರ್ಡನ್ನು ಅವನ ಸೊಸೆಯ ಮೊಬೈಲಿಗೆ ಹಾಕಿ ಬಿಟ್ಟುಬಂದೆ. ವೀಳ್ಯವನ್ನು ಅಂದೂ ಮುಟ್ಟಲಿಲ್ಲ. ಬಾಳೆಹಣ್ಣು ಮಾತ್ರ ಮೊಮ್ಮಕ್ಕಳಿಗೆಂದು ಇಟ್ಟುಕೊಂಡ.

ಇಷ್ಟನ್ನೂ ಅಕ್ಕನಿಗೆ ಹೇಳಿದೆ. ನಾನು ಸೋತದ್ದನ್ನು ಹೇಳಿಕೊಳ್ಳುವುದು ಅಪರೂಪ. ಹೇಳುವಾಗ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಹಾಗೆ ತೆಗೆದುಕೊಳ್ಳುವುದು ತಪ್ಪು, ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಆ ತಪ್ಪು ನಡೆಯದೆ ಇದ್ದಿದ್ದರೆ ಮುದುಕನಿಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ. ಈ ಎರಡು ಮಾತನ್ನು ಒಂದೇ ಪತ್ರದಲ್ಲಿ ಬರೆಯುವ ವಿದ್ಯೆ ನನಗೆ ತಿಳಿಯದು.

ಅಕ್ಕ ಕೇಳಿದ್ದು ಒಂದೇ. "ಅವ್ನಿಗೆ ಇನ್ನ ಊದಾಕೇ ಆಗಕಿಲ್ವಾ?"

"ಆಗಲ್ಲ."

ಅವಳು ಒಳಗೆ ಹೋಗಿ ನೀರು ಕುಡಿದು ಬಂದಳು. "ನಂದಿನ್ನೂ ಐತಲ್ಲ ಉಸ್ರು. ಆ ಹೆಣ್ಣಿಗೆ ಹಾಡ್ತೀನಿ ಬುಡು. ನಿನ್ ಮಗಳ ಕೈಲಿ ಈಳ್ಯ ಕಳ್ಸು. ಆದ್ರೆ ಒಳಗೆ ಒಂದೇ ಒಂದು ಮೊಬೈಲ್ ಇರಂಗಿಲ್ಲ."

"ಅಷ್ಟು ಜನದ ಮೊಬೈಲ್ ಯಾರು ನೋಡ್ಕೊಳ್ಳೋದು ಅಕ್ಕ?"

"ನೀನೇ ಕಣ್ಲಾ. ನಿನ್ನಂಗೆ ಅನುಮಾನದ ಮನ್ಷ ಇನ್ಯಾರವ್ರೆ ನಮ್ ವಂಶದಾಗೆ?"

ಮದುವೆಯ ದಿನ ಧಾರೆ ಮುಗಿದ ಮೇಲೆ ಹೆಣ್ಣಿನ ಕೋಣೆಯ ಬಾಗಿಲಲ್ಲಿ ಅಡಿಗೆಯವರ ಟೊಮ್ಯಾಟೊ ಕ್ರೇಟು ಒಂದನ್ನು ಮುಂದಿಟ್ಟುಕೊಂಡು ಕುರ್ಚಿ ಹಾಕಿ ಕೂತೆ. ಒಳಗೆ ಹೋಗುವ ಪ್ರತಿಯೊಬ್ಬ ಹೆಂಗಸೂ ಮೊಬೈಲನ್ನು ಕ್ರೇಟಿಗೆ ಹಾಕಬೇಕು. ಗಂಡಿನ ಸೋದರತ್ತೆ ಜಗಳಕ್ಕೇ ನಿಂತರು.

"ನಾವೇನ್ ಕಳ್ಳರಾ ಯಜಮಾನ್ರೇ?"

"ಅಲ್ಲಮ್ಮ. ನಾನು ಆಗಿದ್ದೆ. ಅದಕ್ಕೆ ಗೊತ್ತು."

ಅವರಿಗೆ ಅದು ಅರ್ಥವಾಗಲಿಲ್ಲ. ಹುಚ್ಚನೆಂದುಕೊಂಡು ಮೊಬೈಲ್ ಹಾಕಿ ಒಳಗೆ ಹೋದರು. ಐವತ್ತಕ್ಕೂ ಹೆಚ್ಚು ಮೊಬೈಲು ತುಂಬಿತು. ಎರಡು ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಒಳಗಿನಿಂದ ಅಕ್ಕನ ಕೂಗು ಬಂತು: "ಲೇ, ಬಾಗ್ಲು ಹಾಕ್ಕಂಡು ದೂರ ಹೋಗ್ಲಾ! ಸಂತೆಯಾಗೆ ಕೂತಂಗಾಯ್ತು!"

ಬಾಗಿಲು ಎಳೆದುಕೊಂಡು, ಕ್ರೇಟು ಎತ್ತಿಕೊಂಡು, ಮೊಗಸಾಲೆಯ ತುದಿಗೆ ಹೋದೆ. ಅಲ್ಲಿ ಪಕ್ಕದಲ್ಲೇ ಊಟದ ಹಾಲ್. ಮಜ್ಜಿಗೆ ಹುಳಿ, ಮಜ್ಜಿಗೆ ಹುಳಿ ಎಂದು ಬಡಿಸುವವರ ಕೂಗು. ಕ್ರೇಟಿನಲ್ಲಿ ಒಂದು ನಿಂತರೆ ಇನ್ನೊಂದು ಬಡಿದುಕೊಳ್ಳುತ್ತಿತ್ತು. ಎಷ್ಟು ಹೊತ್ತಾದರೂ ಬಿಡದೆ ಕೂಗುತ್ತಿದ್ದ ಒಂದನ್ನು ತಡೆಯಲಾರದೆ ಎತ್ತಿಕೊಂಡೆ. "ಎಲ್ಲಿದ್ದೀಯೇ? ಎರಡನೇ ಪಂಕ್ತಿ ಕೂತಾಯ್ತು, ನಿನಗೆ ಜಾಗ ಹಿಡಿದಿದ್ದೀನಿ" ಎಂದಿತು ಒಂದು ಗಂಡು ದನಿ. ನಾನು ಕಾವಲಿನವನು ಎಂದು ಹೇಳಿ ಕೆಳಗಿಟ್ಟೆ.

ಬಾಗಿಲು ತೆರೆದಾಗ ಮೊಮ್ಮಗಳನ್ನು ಇಬ್ಬರು ಹಿಡಿದುಕೊಂಡು ಹೊರಗೆ ತಂದರು. ಅವಳ ಕಾಡಿಗೆ ಕೆನ್ನೆಯವರೆಗೆ ಇಳಿದಿತ್ತು. ಜಗಳಕ್ಕೆ ನಿಂತಿದ್ದ ಸೋದರತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಬಂದು, ತಮ್ಮ ಮೊಬೈಲನ್ನು ಕೇಳುವುದನ್ನೇ ಮರೆತು ಮುಂದಕ್ಕೆ ಹೋದರು. ಪದ ಮುಗಿದಿತ್ತು.

ಕಾರು ಹೊರಟ ಮೇಲೆ ಅಕ್ಕನ ಬಳಿ ಹೋದೆ. ಅವಳು ಊಟಕ್ಕೆ ಕೂತಿದ್ದಳು, ಎಲೆಯ ಮುಂದೆ.

"ಅಕ್ಕ, ಒಂದೇ ಒಂದು ನುಡಿ ಹೇಳು. ನಾನು ಕೇಳ್ಲಿಲ್ಲ."

"ಹೆಣ್ಣು ಹೋಯ್ತಲ್ಲಲೇ," ಎಂದಳು ಅವಳು, ಸಾರಿಗೆ ಅನ್ನ ಕಲೆಸುತ್ತ. "ಕೂತ್ಕ, ಉಣ್ಣು."

ನಮ್ಮ ಮನೆಯಿಂದ ಇನ್ನು ಹೊರಡಬೇಕಾಗಿರುವ ಒಬ್ಬಳೇ ಮೊಮ್ಮಗಳು ಈಗ ಆರನೆಯ ತರಗತಿ. ಅಕ್ಕನಿಗೆ ಎಪ್ಪತ್ತೆಂಟು. ಮೊಬೈಲಿನಲ್ಲಿ ಎರಡು ಅಕ್ಷರ ಒತ್ತಿದರೆ ಅವಳ ಪದ, ಬಡಿತದ ಸಮೇತ, ಬಿಟ್ಟಿಯಾಗಿ ಬರುತ್ತದೆ. ನಾನು ಈವರೆಗೆ ಒತ್ತಿಲ್ಲ.